ಪೆಟ್ಟಿಗೆಯ ಮೇಲೊಂದು ಪೆಟ್ಟಿಗೆ

ಟೆಲಿವಿಷನ್ ಪೆಟ್ಟಿಗೆಯ ಮೇಲೆ ಇನ್ನೊಂದು ಪುಟ್ಟ ಪೆಟ್ಟಿಗೆ ಏರಿ ಕುಳಿತದ್ದು ಮೊನ್ನೆ ಮೊನ್ನೆಯ ಸಂಗತಿ ಎಂದು ಬಹುಜನರ ತಿಳಿವಳಿಕೆ. ಪಟ್ಟಣದವರು ಅದನ್ನು ಸೆಟ್ ಟಾಪ್ ಬಾಕ್ಸ್ ಎನ್ನುತ್ತಾರೆ. ನಮ್ಮ ರಾಣೇಬೆನ್ನೂರಿನ ಕಡೆ ಅದು ಬರಿಯ ‘ಡಬ್ಬಿ’. ಆದರೆ ಇತಿಹಾಸವನ್ನು ತುಸು ಕೆದಕಿದರೆ ಬೇರೆಯೇ ಕಥೆ ಹೊರಡುತ್ತದೆ. ಕನ್ನಡ ನಾಡಿನ ಹಳ್ಳಿಗೆ ಟೆಲಿವಿಷನ್ ಮೊಟ್ಟಮೊದಲು ಕಾಲಿಟ್ಟದ್ದೇ ಇಂಥದೊಂದು ಡಬ್ಬಿಯೊಡನೆ. ಅರ್ಧ ಶತಮಾನದಲ್ಲಿ ಈ ಡಬ್ಬಿ ಮೂರು ಸಲ ನಮ್ಮ ಬಾಗಿಲಿಗೆ ಬಂದಿದೆ. ಮೂರು ಸಲವೂ ಬೇರೆ ಬೇರೆ ಒಡೆಯರ ಆಳಾಗಿ ಬಂದಿದೆ. ಹಳೆಯ ಟಿ.ವಿ.ಗೆ ಯಾವ ಡಬ್ಬಿ ಕೊಳ್ಳಲಿ ಎಂದು ಅಂಗಡಿಯ ಮುಂದೆ ನಿಂತವರು ಬೆಲೆ ಕೇಳುವ ಮುನ್ನ ಈ ಕಥೆಯನ್ನು ಕೇಳುವುದು ಒಳ್ಳೆಯದು.

ಮೊದಲನೆಯ ಸಲ ಅದು ಬಂದದ್ದು 1975ನೆಯ ಇಸವಿಯ ಆಗಸ್ಟ್ 1ರಂದು. ವಿಕ್ರಮ್ ಸಾರಾಭಾಯಿಯವರ ಕಾಲದಲ್ಲಿ, 1969ರಲ್ಲಿ, ಅಮೆರಿಕದ ನಾಸಾ ಸಂಸ್ಥೆಯೊಡನೆ ಆದ ಒಪ್ಪಂದದ ಫಲವಾಗಿ ಎ.ಟಿ.ಎಸ್.-6 ಎಂಬ ಉಪಗ್ರಹ ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಲಾಗಿ ದೊರೆಯಿತು. 1971ರಲ್ಲಿ ತೀರಿಕೊಂಡ ಸಾರಾಭಾಯಿಯವರು ಅದನ್ನು ಕಣ್ಣಾರೆ ಕಾಣಲಿಲ್ಲ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಈ ಪ್ರಯೋಗಕ್ಕೆ ಆರಿಸಲಾಯಿತು. ಕರ್ನಾಟಕದ ಪಾಲಿಗೆ ಬಂದವು ಅಂದಿನ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಊರಿನ ಸಾಲೆಯ ಅಥವಾ ಪಂಚಾಯತಿಯ ಕಟ್ಟಡದ ಬಳಿ, ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಕಟ್ಟಿದ ಮೂರು ಮೀಟರು ಅಗಲದ ಬೋಗುಣಿ ಆಕಾಶಕ್ಕೆ ಮುಖ ಮಾಡಿ ನಿಂತಿತು.

ಆ ಬೋಗುಣಿ ಹಿಡಿದದ್ದನ್ನು ಒಳಗಿನ ಟಿ.ವಿ. ನೇರವಾಗಿ ಅರಿಯಲಾರದು. ಉಪಗ್ರಹದಿಂದ ಇಳಿಯುತ್ತಿದ್ದ ತರಂಗದ ಬಗೆ ಒಂದು, ಸಾಮಾನ್ಯ ಟಿ.ವಿ. ಬಲ್ಲ ತರಂಗದ ಬಗೆ ಇನ್ನೊಂದು. ಆದುದರಿಂದ ನಡುವೆ ದುಭಾಷಿಯಂತೆ ಒಂದು ಪರಿವರ್ತಕವನ್ನು ಕೂಡಿಸಿದರು. ನಮ್ಮ ಹಳ್ಳಿಗಳು ಕಂಡ ಮೊದಲ ಡಬ್ಬಿ ಅದೇ. ಟಿ.ವಿ.ಗಳನ್ನು ತಯಾರಿಸಿದ್ದು ಹೈದರಾಬಾದಿನ ಸರಕಾರಿ ಇಲೆಕ್ಟ್ರಾನಿಕ್ಸ್ ಕಾರ್ಖಾನೆ. ಅದಕ್ಕೆ ಬಾಡಿಗೆಯಿಲ್ಲ, ಬೀಗವಿಲ್ಲ. ಅದು ಊರಿನ ಸೊತ್ತು. ಇನ್ನೊಂದು ವಿಶೇಷವನ್ನೂ ಇಲ್ಲಿ ಹೇಳಬೇಕು. ಒಂದೇ ಚಿತ್ರದ ಜೊತೆಗೆ ಎರಡು ಭಾಷೆಗಳ ಧ್ವನಿಯನ್ನು ಕಳಿಸುವ ಏರ್ಪಾಡು ಆ ಉಪಗ್ರಹದಲ್ಲಿತ್ತು. ಅದೇ ಬೆಳೆ, ಅದೇ ಎತ್ತು ಆಂಧ್ರದ ಹಳ್ಳಿಯಲ್ಲಿ ತೆಲುಗಿನಲ್ಲಿಯೂ ರಾಯಚೂರಿನ ಹಳ್ಳಿಯಲ್ಲಿ ಕನ್ನಡದಲ್ಲಿಯೂ ಮಾತಾಡಬಹುದಾಗಿತ್ತು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಎರವಲು ಉಪಗ್ರಹ ಹಿಂದಿರುಗಿ ಹೋಯಿತು.

ತುಂಗಭದ್ರೆಯ ದಂಡೆಯ ಹಳೆಯ ಕೋಟೆಯ ಊರಾದ ಐರಣಿ ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಹಾಗಾಗಿ ಮೊದಲನೆಯ ಡಬ್ಬಿ ಆ ಊರಿನ ಪಾಲಿಗೆ ಬರಲಿಲ್ಲ. ಅಲ್ಲಿಗೆ ಟಿ.ವಿ. ಬಂದದ್ದು ಡಬ್ಬಿಯಿಲ್ಲದ ಕಾಲದಲ್ಲಿ. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರಕೇಂದ್ರ ನಿಂತಿತು. 1981ರ ನವೆಂಬರ್ 1ರಂದು ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾಯಿತು. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ವರ್ಷ ಬಣ್ಣ ಬಂತು. 1984ರಿಂದೀಚೆಗೆ ದೇಶದ ತುಂಬ ಪ್ರಸಾರದ ಗೋಪುರಗಳು ಅಣಬೆಯಂತೆ ಎದ್ದವು. ಟಿ.ವಿ.ಗೆ ಕೊಡಬೇಕಾಗಿದ್ದ ಲೈಸೆನ್ಸ್ ಹಣವೂ ಆ ದಶಕದ ನಡುವೆ ರದ್ದಾಯಿತು. ಪೆಟ್ಟಿಗೆಯೊಂದನ್ನು ಕೊಂಡು ಮಾಳಿಗೆಯ ಮೇಲೆ ಆಂಟೆನಾ ನೆಟ್ಟರೆ ಮುಗಿಯಿತು. ಗಾಳಿಯಲ್ಲಿ ಬಂದದ್ದು ಗಾಳಿಯಷ್ಟೇ ಧರ್ಮಾರ್ಥ. 1987ರ ಜನವರಿಯಲ್ಲಿ ‘ರಾಮಾಯಣ’ ಮೊದಲಾದಾಗ ರವಿವಾರದ ಬೆಳಗ್ಗೆ ಒಬ್ಬ ಹುಡುಗ ಮಾಳಿಗೆ ಹತ್ತಿ ಆಂಟೆನಾದ ಗಳವನ್ನು ತಿರುಗಿಸುವುದು, ಕೆಳಗಿನಿಂದ “ಬಂತು, ಬಂತು, ಹೋತು!” ಎಂದು ಹತ್ತು ಗಂಟಲು ಕೂಗುವುದು, ಇದನ್ನು ಐರಣಿಯಲ್ಲಿ ನಾನೂ ಕಂಡಿದ್ದೇನೆ, ವಾಚಕರೂ ತಮ್ಮ ತಮ್ಮ ಊರುಗಳಲ್ಲಿ ಕಂಡಿರಬಹುದು.

1990ರ ದಶಕದಲ್ಲಿ ಕೇಬಲ್ ಬಂತು. ಆಗಲೂ ಡಬ್ಬಿಯಿರಲಿಲ್ಲ, ತಂತಿಯ ತುದಿಯನ್ನು ಟಿ.ವಿ.ಗೆ ಚುಚ್ಚಿದರಾಯಿತು. 1994ರಲ್ಲಿ ಉದಯ ಟಿ.ವಿ. ಆರಂಭವಾಗಿ ಖಾಸಗಿಯವರ ಕನ್ನಡವೂ ಮನೆಯೊಳಗೆ ಬಂದಿತು. 1995ರಲ್ಲಿ ಕೇಬಲ್ಲಿಗೊಂದು ಕಾಯಿದೆಯಾಯಿತು. ಆದರೆ ಕಂಬದಿಂದ ಕಂಬಕ್ಕೆ ಹರಿದ ತಂತಿ ಎಷ್ಟು ಮನೆ ಹೊಕ್ಕಿದೆಯೆಂಬ ಲೆಕ್ಕ ತಂತಿ ಎಳೆದವನಿಗಲ್ಲದೆ ಅನ್ಯರಿಗೆ ತಿಳಿಯುತ್ತಿರಲಿಲ್ಲ. ಅವನು ಹೇಳಿದ್ದೇ ಸಂಖ್ಯೆ. ಚಾನೆಲ್ಲಿನವರಿಗೂ ತೆರಿಗೆಯ ಇಲಾಖೆಗೂ ಇದು ಬಹುಕಾಲದ ತಕರಾರಾಗಿತ್ತು.

ಎರಡನೆಯ ಸಲ ಡಬ್ಬಿ ಬಂದದ್ದು 2004ರ ಡಿಸೆಂಬರ್ 16ರಂದು, ದೂರದರ್ಶನದ ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ. ಆರಂಭಕ್ಕೆ 33 ಚಾನೆಲ್ಲುಗಳಿದ್ದವು. ಚಿಕ್ಕ ಬೋಗುಣಿಯನ್ನೂ ಡಬ್ಬಿಯನ್ನೂ ಒಮ್ಮೆ ಕೊಂಡರೆ ತಿಂಗಳು ತಿಂಗಳು ಕೊಡುವುದೇನೂ ಇಲ್ಲ. ಇಂದು ಅದರ ಹೆಸರು ಡಿ.ಡಿ. ಫ್ರೀ ಡಿಶ್. ಇದೇ ಬೋಗುಣಿಯ ವಿದ್ಯೆಯನ್ನು ಖಾಸಗಿ ಕಂಪನಿಗಳು ಮಾಸಿಕ ವಂತಿಗೆಯ ಮೇಲೆ ಮಾರತೊಡಗಿದವು.

ಮೂರನೆಯ ಸಲ ಬಂದದ್ದು ಆಜ್ಞೆಯಾಗಿ. ಕೇಬಲ್ ಕಾಯಿದೆಗೆ 2011ರಲ್ಲಿ ತಿದ್ದುಪಡಿಯಾಗಿ, ಡಬ್ಬಿಯಿಲ್ಲದೆ ಕೇಬಲ್ಲಿಲ್ಲ ಎಂದಾಯಿತು. 2012ರಲ್ಲಿ ನಾಲ್ಕು ಮಹಾನಗರಗಳು. ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರು ಸೇರಿ 38 ನಗರಗಳು, ಗಡುವು 2013ರ ಮಾರ್ಚ್ 31. ರಾಣೇಬೆನ್ನೂರಿನಂಥ ಉಳಿದ ಪಟ್ಟಣಗಳಿಗೆ 2015ರ ಡಿಸೆಂಬರ್ 31. ಐರಣಿಯಂಥ ಹಳ್ಳಿಗಳಿಗೆ ಮೊದಲು 2016ರ ಕೊನೆ, ಅನಂತರ 2017ರ ಮಾರ್ಚ್ 31. ಪ್ರತಿ ಡಬ್ಬಿಗೂ ಒಂದು ಸಂಖ್ಯೆ. ಹಣ ಬಂದರೆ ಕೇಂದ್ರದಿಂದಲೇ ಬಾಗಿಲು ತೆರೆಯುತ್ತದೆ, ಬಾರದಿದ್ದರೆ ಅಲ್ಲಿಂದಲೇ ಬೀಗ. ಹಳೆಯ ಲೆಕ್ಕದ ತಕರಾರು ಇದರಿಂದ ಬಹುಮಟ್ಟಿಗೆ ತೀರಿತು, ಚಿತ್ರ ಸ್ವಚ್ಛವಾಯಿತು, ಚಾನೆಲ್ಲುಗಳು ಹೆಚ್ಚಿದವು. ಇದನ್ನು ಒಪ್ಪದೆ ವಿಧಿಯಿಲ್ಲ. ಆದರೆ ಆ ಲೆಕ್ಕದ ವೆಚ್ಚ ನೋಡುವವನ ಜೇಬಿಗೇ ಬಂದಿತೆಂಬುದನ್ನೂ ಮರೆಯಲಾಗದು. 2009ರ ಜೂನ್ 12ರಂದು ಅಮೆರಿಕದ ದೊಡ್ಡ ಕೇಂದ್ರಗಳು ಹಳೆಯ ಪ್ರಸಾರವನ್ನು ನಿಲ್ಲಿಸಿದಾಗ, ಅಲ್ಲಿಯ ಸರಕಾರ ಹಳೆಯ ಟಿ.ವಿ. ಇದ್ದವರಿಗೆ ಪರಿವರ್ತಕದ ಡಬ್ಬಿ ಕೊಳ್ಳಲು 40 ಡಾಲರಿನ ಚೀಟಿಗಳನ್ನು ಮನೆಗೆ ಎರಡರ ಮಿತಿಯಲ್ಲಿ ಹಂಚಿತ್ತು.

ಐರಣಿಯಲ್ಲಿ ನಮ್ಮ ದೊಡ್ಡವ್ವನ ಮನೆಯ ಹಳೆಯ ಟಿ.ವಿ. ಇನ್ನೂ ಗಟ್ಟಿಯಾಗಿದೆ. ಅವಳ ಸಂಜೆಗಳಿಗೆ ಅದೊಂದೇ ಜೊತೆ. ಕೇಬಲ್ಲಿನ ತಿಂಗಳ ಹಣ ಏರಿತೆಂದು ಅವಳು ನನ್ನನ್ನು ಕರೆಸಿ ಕೇಳಿದಳು: “ತಮ್ಮಾ, ಟಿ.ವಿ. ನಮ್ಮದು, ಕರೆಂಟಿನ ಬಿಲ್ಲು ನಾವು ಕಟ್ಟತೀವಿ. ನಡುವ ಕುಂತ ಈ ಡಬ್ಬಿ ಯಾರದಪಾ?” ಓದು ಬರಹ ಬಲ್ಲವರೂ ಕೇಳದ ಪ್ರಶ್ನೆಯಿದು. ಕೇಬಲ್ಲಿನವನ ಡಬ್ಬಿ ಅವನ ತಂತಿಗೆ ಮಾತ್ರ ಓಗೊಡುತ್ತದೆ. ಒಂದು ಕಂಪನಿಯ ಬೋಗುಣಿಯ ಡಬ್ಬಿ ಇನ್ನೊಂದು ಕಂಪನಿಗೆ ಒಗ್ಗುವುದಿಲ್ಲ. ಮೊಬೈಲಿನ ನಂಬರು ಇಟ್ಟುಕೊಂಡೇ ಕಂಪನಿ ಬದಲಿಸುವ ಸೌಕರ್ಯ ದೇಶಕ್ಕೆಲ್ಲ 2011ರಲ್ಲಿ ಬಂತು. ಡಬ್ಬಿಗೂ ಅಂಥ ಸ್ವಾತಂತ್ರ್ಯವಿರಬೇಕೆಂದು ಟ್ರಾಯ್ ಸಂಸ್ಥೆ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು.

ಡಬ್ಬಿ ಆರಿಸುವಾಗ ನಾವು ನೋಡಿದ ಸಂಗತಿಗಳನ್ನು ಇತರರ ಉಪಯೋಗಕ್ಕೆಂದು ಹೇಳುತ್ತೇನೆ. ಮೊದಲು ಟಿ.ವಿ.ಯ ಬೆನ್ನನ್ನು ನೋಡಬೇಕು. ಅಲ್ಲಿ ಹಳದಿ, ಬಿಳಿ, ಕೆಂಪು ಬಣ್ಣದ ತೂತುಗಳಿದ್ದರೆ ಡಬ್ಬಿಗೂ ಅವೇ ಮೂರು ಇರಬೇಕು; ಬರಿಯ ಎಚ್.ಡಿ.ಎಂ.ಐ. ತೂತಿನ ಡಬ್ಬಿ ಹಳೆಯ ಟಿ.ವಿ.ಗೆ ನಿರುಪಯೋಗಿ. ತೀರ ಹಳೆಯ ಟಿ.ವಿ.ಯಲ್ಲಿ ಆಂಟೆನಾದ ತೂತು ಒಂದೇ ಇದ್ದರೆ, ಮಾಡ್ಯುಲೇಟರ್ ಎಂಬ ಸಣ್ಣ ಉಪಕರಣ ನಡುವೆ ಬೇಕಾಗುತ್ತದೆ. ಎರಡನೆಯದು, ನೆಲದ ಪ್ರಸಾರದ ಡಿಜಿಟಲ್ ಡಬ್ಬಿಗೆ ಐರಣಿಯಲ್ಲಿ ಕೆಲಸವಿಲ್ಲ. ದೂರದರ್ಶನ 2016ರಲ್ಲಿ ಆ ಪ್ರಸಾರವನ್ನು 16 ನಗರಗಳಲ್ಲಿ ಆರಂಭಿಸಿದಾಗ ಕರ್ನಾಟಕದಿಂದ ಸೇರಿದ್ದು ಬೆಂಗಳೂರೊಂದೇ. ಹಳೆಯ ಆಂಟೆನಾದ ಗೋಪುರಗಳಂತೂ, ಆಯಕಟ್ಟಿನ ಜಾಗದ ಸುಮಾರು 50ನ್ನು ಬಿಟ್ಟು, 2022ರ ಹೊತ್ತಿಗೆ ಮೌನವಾದವು. ಮೂರನೆಯದು, ಡಬ್ಬಿ ಎಂಪೆಗ್-4 ಬಗೆಯದೇ ಎಂದು ಕೇಳಬೇಕು. ಹಳೆಯ ಎಂಪೆಗ್-2 ಡಬ್ಬಿ ಫ್ರೀ ಡಿಶ್‌ನ ಎಲ್ಲ ಚಾನೆಲ್ಲುಗಳನ್ನೂ ತೋರಿಸದು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಹಣ ಕೊಟ್ಟ ಮೇಲೆ ಡಬ್ಬಿ ನಮ್ಮದೋ, ಬಾಡಿಗೆಯದೋ?

ಕೊನೆಗೆ ರಾಣೇಬೆನ್ನೂರಿನಿಂದ ಫ್ರೀ ಡಿಶ್‌ನ ಡಬ್ಬಿ ತಂದೆವು. ಬೋಗುಣಿಯನ್ನು ಆಗ್ನೇಯಕ್ಕೆ ತಿರುಗಿಸಿ, ಮುಗಿಲಿನತ್ತ ಸಾಕಷ್ಟು ಎತ್ತರಕ್ಕೆ ಮುಖ ಮಾಡಿದಾಗ ಜೀಸ್ಯಾಟ್-15 ಉಪಗ್ರಹ ಸಿಕ್ಕಿತು. ಚಂದನ ಬಂತು. ಆದರೆ ದೊಡ್ಡವ್ವ ದಿನವೂ ನೋಡುತ್ತಿದ್ದ ಖಾಸಗಿ ಚಾನೆಲ್ಲಿನ ಧಾರಾವಾಹಿ ಬರಲಿಲ್ಲ. ಗುಂಡಿ ಒತ್ತಿದಷ್ಟೂ ಹಿಂದಿ. “ಇಷ್ಟು ಮಂದಿ ಮಾತಾಡತಾರ, ನನಗೊಬ್ಬರೂ ತಿಳಿಯೂದಿಲ್ಲ,” ಎಂದಳು. ಧಾರಾವಾಹಿಯ ಹೊತ್ತಿಗೆ ಈಗ ನೆರೆಮನೆಗೆ ಹೋಗುತ್ತಾಳೆ.

ಈ ಆಯ್ಕೆಯ ನಿಜವಾದ ಬೆಲೆ ಇಲ್ಲಿದೆ. ಅಂಗಡಿಯ ಚೀಟಿಯಲ್ಲಿ ಅದನ್ನು ಬರೆದಿರುವುದಿಲ್ಲ. ಉಚಿತವಾದ ಆಕಾಶದಲ್ಲಿ ಹಿಂದಿ ಬಹಳ, ಕನ್ನಡ ಕಡಿಮೆ. ಕನ್ನಡ ಹೆಚ್ಚು ಬೇಕೆಂದರೆ ತಿಂಗಳ ಕಪ್ಪ ಕೊಡಬೇಕು. ಖಾಸಗಿ ಚಾನೆಲ್ಲುಗಳು ಹಣ ಬರುವ ಕಡೆಗೆ ಹೋಗುತ್ತವೆ. ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲ. ಆದರೆ ಸರಕಾರದ ಉಪಗ್ರಹ ಸುಂಕದ ಕಟ್ಟೆಯಲ್ಲ. ದುಡ್ಡು ಕೊಡಲಾರದ ಕನ್ನಡಿಗನ ಸಂಜೆಗೆ ಬೇಕಾದಷ್ಟು ಕನ್ನಡವನ್ನು ಅಲ್ಲಿ ಕೇಳುವ ಹಕ್ಕು ನಮಗಿದೆ. ರಾಜ್ಯ ಸರಕಾರಕ್ಕೂ ನಮ್ಮ ಸಂಸದರಿಗೂ ಅದನ್ನು ಕೇಳುವ ಹೊಣೆಯಿದೆ. 1975ರಲ್ಲಿ ಕೋಳಿಬಲೆಯ ಬೋಗುಣಿ ಹಿಡಿದು, ಪರದೇಶದಿಂದ ಎರವಲು ತಂದ ಒಂದೇ ಒಂದು ಉಪಗ್ರಹದಲ್ಲಿ ಕನ್ನಡಕ್ಕೊಂದು ಧ್ವನಿಯ ದಾರಿಯನ್ನು ಬಿಟ್ಟಿದ್ದರು. ಸ್ವಂತ ಉಪಗ್ರಹಗಳಿರುವ ಈ ಕಾಲದಲ್ಲಿ ಅದು ಅಸಾಧ್ಯವೆಂದು ಯಾರಾದರೂ ಹೇಳಿದರೆ ನಂಬುವುದು ಕಷ್ಟ.