ಕಾಲೇಜು ಗೇಟಿನ ಕಾವಲುಗಾರರಿಗೊಂದು ಸಂಘ: ಅದರ ಬೈಲಾದಲ್ಲಿ ಏನಿರಬೇಕು?

ದಕ್ಷಿಣ ಕನ್ನಡದವರಿಗೆ ಬೈಲಾ ಎಂಬ ಶಬ್ದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಳಹಳ್ಳಿ ಶಿವರಾಯರು ಸಹಕಾರ ಚಳವಳಿ ಕಟ್ಟಿದ ಜಿಲ್ಲೆ ಇದು. ಹಾಲಿನ ಸೊಸೈಟಿ, ಭಜನಾ ಮಂಡಳಿ, ಯುವಕ ಮಂಡಲ, ಬೀಡಿ ಕಾರ್ಮಿಕರ ಯೂನಿಯನ್ ಎಲ್ಲಕ್ಕೂ ಒಂದೊಂದು ಬೈಲಾ ಇದೆ. ವರ್ಷಕ್ಕೊಮ್ಮೆ ಮಹಾಸಭೆ, ವರದಿ ವಾಚನ, ಲೆಕ್ಕಪತ್ರ ಮಂಡನೆ, ಕೊನೆಗೆ ಉಪ್ಪಿಟ್ಟು, ಚಹಾ. ಇಷ್ಟೆಲ್ಲ ಸಂಘಗಳ ನಡುವೆ, ನಮ್ಮ ಮಕ್ಕಳು ಓದುವ ಕ್ಯಾಂಪಸ್ಸುಗಳನ್ನು ಹಗಲಿರುಳು ಕಾಯುವವರ ಸಂಘದ ಮಾತು ಕೇಳಿಬರುವುದು ಅಪರೂಪ.

ಒಂದು ಆಷಾಢದ ರಾತ್ರಿ ನಗರದ ಹಾಸ್ಟೆಲೊಂದರ ಗೇಟಿನಲ್ಲಿ ಮಳೆ ಬಿಡಲೆಂದು ನಿಂತಿದ್ದೆ. ತಗಡಿನ ಮಾಡು, ಪ್ಲಾಸ್ಟಿಕ್ ಕುರ್ಚಿ, ಪ್ಲಾಸ್ಟಿಕ್ ಹಾಳೆ ಹೊದಿಸಿದ ರಿಜಿಸ್ಟರ್, ಅದಕ್ಕೆ ನೂಲಿನಲ್ಲಿ ಕಟ್ಟಿದ ಪೆನ್ನು. ಗಾರ್ಡ್ ಬೆಳಿಗ್ಗೆ ಎಂಟಕ್ಕೆ ಡ್ಯೂಟಿಗೆ ಬಂದವರು. ರಾತ್ರಿ ಹತ್ತಾದರೂ ಅಲ್ಲೇ ಇದ್ದರು. "ರಿಲೀವರ್ ಬರ್ಲಿಲ್ಲ ಮಾರ್ರೆ, ಗೇಟು ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ" ಎಂದರು. ಈ ಮಾತನ್ನು ಯಾರ ಮುಂದೆ, ಯಾವ ಕಾಗದದಲ್ಲಿ ಬರೆದು ಕೊಡಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ. ಸಂಘವೊಂದರ ಅಗತ್ಯ ನನಗೆ ಮನದಟ್ಟಾದದ್ದು ಆ ಗೇಟಿನಲ್ಲಿ.

ಇಲ್ಲಿ ಕ್ಯಾಂಪಸ್ ಪೊಲೀಸರು ಇಲ್ಲ

ಮಂಗಳೂರು ಕಾಲೇಜುಗಳ ಊರು. ಹಂಪನಕಟ್ಟೆಯ ಸರಕಾರಿ ಕಾಲೇಜು, ಈಗಿನ ವಿಶ್ವವಿದ್ಯಾನಿಲಯ ಕಾಲೇಜು, 1868ರಷ್ಟು ಹಳೆಯದು. ಸಂತ ಅಲೋಶಿಯಸ್ 1880ರದು. ಸುರತ್ಕಲ್ಲಿನ ಕೆ.ಆರ್.ಇ.ಸಿ. 1960ರಲ್ಲಿ ಆರಂಭವಾಗಿ ಮುಂದೆ ಎನ್.ಐ.ಟಿ.ಕೆ. ಆಯಿತು. ಕೊಣಾಜೆಯ ಗುಡ್ಡದ ಮೇಲಿನ ಮಂಗಳಗಂಗೋತ್ರಿ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳ ಸಾಲೇ ಇದೆ. ಎನ್.ಐ.ಟಿ.ಕೆ. ಕ್ಯಾಂಪಸ್ಸನ್ನು ರಾಷ್ಟ್ರೀಯ ಹೆದ್ದಾರಿ 66 ಸೀಳಿಕೊಂಡು ಹೋಗುತ್ತದೆ, ಒಂದು ಮಗ್ಗುಲಿಗೆ ಕಡಲು. ಕಾಯುವ ಕೆಲಸ ಅಲ್ಲಿ ಎಷ್ಟು ಕಷ್ಟದ್ದೆಂದು ಊಹಿಸಬಹುದು.

ಇವುಗಳಲ್ಲಿ ಯಾವುದರ ಗೇಟಿನಲ್ಲಿ ಸಮವಸ್ತ್ರ ತೊಟ್ಟು ನಿಂತವರನ್ನು ನೋಡಿದರೂ ಅವರು ಪೊಲೀಸರಲ್ಲ. ಅಪರಾಧ ನಡೆದರೆ ಕೊಣಾಜೆ, ಸುರತ್ಕಲ್ ಮೊದಲಾದ ಠಾಣೆಗಳಿಗೇ ದೂರು ಹೋಗಬೇಕು. ಈ ಠಾಣೆಗಳು 2010ರಲ್ಲಿ ಆರಂಭವಾದ ಮಂಗಳೂರು ಪೊಲೀಸ್ ಕಮಿಷನರೇಟಿಗೆ ಸೇರಿವೆ. ಪಣಂಬೂರಿನ ಬಂದರು, ವಿಮಾನ ನಿಲ್ದಾಣಗಳನ್ನು ಕಾಯುವ ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ 1968ರ ಕಾಯ್ದೆಯೇ ಬಂಧಿಸುವ ಅಧಿಕಾರ ಕೊಟ್ಟಿದೆ. ಕಾಲೇಜಿನ ಗಾರ್ಡಿಗೆ ಅದಿಲ್ಲ.

ಅಮೆರಿಕದಲ್ಲಿ ಹಾಗಲ್ಲ. ಯೇಲ್ ವಿಶ್ವವಿದ್ಯಾಲಯಕ್ಕೆ 1894ರಲ್ಲೇ ಇಬ್ಬರು ಪೊಲೀಸರು ನೇಮಕವಾಗಿದ್ದರು. ಅಲ್ಲಿನ ಕ್ಯಾಂಪಸ್ ಭದ್ರತಾ ಮುಖ್ಯಸ್ಥರು 1958ರಲ್ಲಿ ತಮ್ಮದೇ ವೃತ್ತಿ ಸಂಘ ಕಟ್ಟಿಕೊಂಡರು. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳು ತಮ್ಮ ಕಾನ್‌ಸ್ಟೆಬಲ್‌ಗಳನ್ನು ತಾವೇ ನೇಮಿಸಿಕೊಳ್ಳಲು 1825ರ ಕಾಯ್ದೆ ಅವಕಾಶ ಕೊಟ್ಟಿತು. ಆಕ್ಸ್‌ಫರ್ಡ್ 2003ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು. ಅಲ್ಲಿನ ಸಂಘಗಳ ನಿಯಮಾವಳಿಯನ್ನು ಹಾಗೆಯೇ ತಂದು ಇಲ್ಲಿ ಅಂಟಿಸಿದರೆ ಹೊಂದುವುದಿಲ್ಲ.

ಪೊಲೀಸರಿಗಿಲ್ಲದ ಹಕ್ಕು ಇವರಿಗಿದೆ

ಅಧಿಕಾರ ಇಲ್ಲದಿರುವುದೇ ಇಲ್ಲಿ ಒಂದು ಅನುಕೂಲ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿದೆ. ಆದರೆ ಸೇನೆ, ಪೊಲೀಸ್ ಪಡೆಗಳ ಮಟ್ಟಿಗೆ ಅದನ್ನು ಮೊಟಕುಗೊಳಿಸಲು 33ನೆಯ ವಿಧಿ ಸಂಸತ್ತಿಗೆ ಅವಕಾಶ ಕೊಡುತ್ತದೆ. ಅದರಂತೆ ಬಂದ 1966ರ ಕಾಯ್ದೆಯ ಪ್ರಕಾರ ಪೊಲೀಸರು ಅನುಮತಿ ಇಲ್ಲದೆ ಯೂನಿಯನ್ ಸೇರುವಂತಿಲ್ಲ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಕರ್ನಾಟಕದ ಪೊಲೀಸರು ಮುಂದಾದಾಗ ಸರಕಾರ ಎಷ್ಟು ಬಿಗಿಯಾಗಿ ನಡೆದುಕೊಂಡಿತೆಂದು ಹಲವರಿಗೆ ನೆನಪಿದೆ. ಕಾಲೇಜಿನ ಗಾರ್ಡಿಗೆ ಈ ನಿರ್ಬಂಧ ಇಲ್ಲ. ಸಂಘ ಕಟ್ಟಲು ಯಾರ ಅಪ್ಪಣೆಯೂ ಬೇಡ.

ಸೊಸೈಟಿಯೋ, ಯೂನಿಯನ್ನೋ

ಎರಡು ದಾರಿಗಳಿವೆ. ಮೊದಲನೆಯದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಏಳು ಮಂದಿ ಸೇರಿ ಮೆಮೊರಾಂಡಂ, ನಿಯಮಾವಳಿಗಳನ್ನು ಸಲ್ಲಿಸಿದರೆ ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಯಲ್ಲಿ ನೋಂದಣಿಯಾಗುತ್ತದೆ. ಆದರೆ ಈ ಕಾಯ್ದೆ ಇರುವುದು ಧರ್ಮಾರ್ಥ, ಶಿಕ್ಷಣ, ಸಾಹಿತ್ಯ, ಕಲೆ, ಕ್ರೀಡೆ ಇಂಥ ಉದ್ದೇಶಗಳಿಗೆ. ತರಬೇತಿ ಶಿಬಿರ, ಪ್ರಥಮ ಚಿಕಿತ್ಸೆ, ಅಗ್ನಿಶಾಮಕ ಅಭ್ಯಾಸ, ಸದಸ್ಯರ ಮಕ್ಕಳಿಗೆ ವಿದ್ಯಾರ್ಥಿವೇತನ ಇಷ್ಟೇ ಗುರಿಯಾದರೆ ಇದು ಸಾಕು.

ಸಂಬಳ, ಪಾಳಿ, ಓವರ್‌ಟೈಮಿನ ಬಗ್ಗೆ ಮಾತಾಡಬೇಕಾದರೆ ಯೂನಿಯನ್ ಆಗಿಯೇ ನೋಂದಾಯಿಸಬೇಕು. ಇದಕ್ಕೆ 1926ರ ಟ್ರೇಡ್ ಯೂನಿಯನ್ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದರ ಜಾಗಕ್ಕೆ ಬಂದಿದೆ. ಇಲ್ಲೂ ಅರ್ಜಿಗೆ ಕನಿಷ್ಠ ಏಳು ಮಂದಿಯ ಸಹಿ ಬೇಕು. ಅದರ ಮೇಲೆ, ಆ ಸಂಸ್ಥೆ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇಕಡಾ 10 ಅಥವಾ 100 ಮಂದಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು, ಸದಸ್ಯರಿರಬೇಕು. ಸೊಸೈಟಿಗಿಲ್ಲದ ಒಂದು ರಕ್ಷಣೆ ಯೂನಿಯನ್ನಿಗಿದೆ: ಕಾರ್ಮಿಕ ವಿವಾದದಲ್ಲಿ ಕಾನೂನುಬದ್ಧವಾಗಿ ನಡೆದುಕೊಂಡದ್ದಕ್ಕೆ ಪದಾಧಿಕಾರಿಗಳ ಮೇಲೆ ಒಳಸಂಚಿನ ಮೊಕದ್ದಮೆ ಹೂಡಲಾಗದು.

ಕಾಲೇಜು ಕಾರ್ಖಾನೆಯಲ್ಲವಲ್ಲ ಎಂದು ಆಡಳಿತದವರು ಕೇಳಬಹುದು. ಬೆಂಗಳೂರು ಜಲಮಂಡಳಿ ಮತ್ತು ರಾಜಪ್ಪ ನಡುವಿನ ಮೊಕದ್ದಮೆಯಲ್ಲಿ 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಶಿಕ್ಷಣ ಸಂಸ್ಥೆಯೂ ಕಾನೂನಿನ ದೃಷ್ಟಿಯಲ್ಲಿ ಉದ್ಯಮವೇ ಎಂದಿತ್ತು. ಹೊಸ ಸಂಹಿತೆ ಸೇವಾ ಉದ್ದೇಶದ ಸಂಸ್ಥೆಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ ಕೆಲವು ಕಾಲೇಜುಗಳ ವಿಷಯದಲ್ಲಿ ವಾದ ಎದ್ದೀತು. ಗಾರ್ಡ್ ಏಜೆನ್ಸಿಯ ನೌಕರನಾಗಿದ್ದರೆ ಆ ವಾದಕ್ಕೆ ಹೆಚ್ಚು ಬಲವಿಲ್ಲ, ಏಕೆಂದರೆ ಏಜೆನ್ಸಿ ನಡೆಸುವುದು ವ್ಯಾಪಾರ.

ಸದಸ್ಯ ಯಾರು?

ಇಡೀ ಬೈಲಾದಲ್ಲಿ ಅತಿ ಎಚ್ಚರದಿಂದ ಬರೆಯಬೇಕಾದ ಕಲಂ ಇದು. ಮೇಷ್ಟ್ರ ಸಂಘದಲ್ಲಿ ಸದಸ್ಯ ಯಾರೆಂದು ಕೇಳುವ ಪ್ರಮೇಯವೇ ಬರುವುದಿಲ್ಲ. ಇಲ್ಲಿ ಒಂದೇ ಗೇಟಿನಲ್ಲಿ ಮೂರು ಬಗೆಯವರಿರುತ್ತಾರೆ: ಸಂಸ್ಥೆಯೇ ನೇಮಿಸಿಕೊಂಡ ಭದ್ರತಾ ಅಧಿಕಾರಿ, ಹಳೆಯ ಕಾಯಂ ವಾಚ್‌ಮನ್, ಏಜೆನ್ಸಿ ಕಳಿಸಿದ ಗುತ್ತಿಗೆ ಗಾರ್ಡ್. ಸಮವಸ್ತ್ರ ಒಂದೇ ಆದರೂ ಸಂಬಳದ ಚೀಟಿ ಬೇರೆ ಬೇರೆ. ಇಂದು ಕೊಣಾಜೆಯಲ್ಲಿರುವವರನ್ನು ನಾಳೆ ಕಂಕನಾಡಿಯ ಆಸ್ಪತ್ರೆಗೋ ಬೈಕಂಪಾಡಿಯ ಗೋದಾಮಿಗೋ ಕಳಿಸಬಹುದು. ಟೆಂಡರ್ ಮುಗಿದು ಬೇರೆ ಏಜೆನ್ಸಿ ಬಂದರೆ ಮಾಲೀಕನೇ ಬದಲು.

"ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವ ಗಾರ್ಡ್ ಸದಸ್ಯನಾಗಬಹುದು" ಎಂದಷ್ಟೇ ಬರೆದರೆ, ತೊಂದರೆ ಕೊಡುವ ಕಾರ್ಯದರ್ಶಿಯನ್ನು ಗೋದಾಮಿಗೆ ವರ್ಗ ಮಾಡಿದ ದಿನವೇ ಅವರ ಸದಸ್ಯತ್ವ ಹೋಗುತ್ತದೆ. ಸದಸ್ಯತ್ವ ವ್ಯಕ್ತಿಗೆ ಅಂಟಿಕೊಂಡಿರಬೇಕು, ಗೇಟಿಗಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಶಿಕ್ಷಣ ಸಂಸ್ಥೆಯಲ್ಲಿ ಇಂತಿಷ್ಟು ತಿಂಗಳು ಕೆಲಸ ಮಾಡಿದವರು ಸದಸ್ಯರಾಗಬಹುದು, ವರ್ಗವಾದರೂ ಏಜೆನ್ಸಿ ಬದಲಾದರೂ ಚಂದಾ ಕಟ್ಟುವ ತನಕ ಸದಸ್ಯರೇ ಎಂದು ಸ್ಪಷ್ಟವಾಗಿ ಬರೆಯಬೇಕು. ಕೆಲಸ ಹೋದವರಿಗೆ ಆರು ತಿಂಗಳಾದರೂ ಚಂದಾ ರಿಯಾಯಿತಿ ಇರಲಿ.

ಸೂಪರ್‌ವೈಸರುಗಳು, ಭದ್ರತಾ ಅಧಿಕಾರಿಗಳು ಒಳಗೋ ಹೊರಗೋ ಎಂಬುದು ಮುಂದಿನ ಪ್ರಶ್ನೆ. ಡ್ಯೂಟಿ ಹಾಕುವವರು, ಹಾಕಿಸಿಕೊಳ್ಳುವವರು ಒಂದೇ ಯೂನಿಯನ್ನಿನಲ್ಲಿ ಕೂತರೆ ಬಾಯಿ ಕಟ್ಟುತ್ತದೆ. ವೃತ್ತಿ ತರಬೇತಿಯ ಸೊಸೈಟಿಯಾದರೆ ಇಬ್ಬರೂ ಇರಬಹುದು.

ಪದಾಧಿಕಾರಿಗಳಲ್ಲಿ ಹೊರಗಿನವರು ಎಷ್ಟಿರಬಹುದೆಂಬುದಕ್ಕೆ ಕಾನೂನೇ ಮಿತಿ ಹಾಕಿದೆ: ಸಂಘಟಿತ ವಲಯದಲ್ಲಿ ಮೂರನೇ ಒಂದು ಭಾಗ ಅಥವಾ ಐದು ಮಂದಿ, ಯಾವುದು ಕಡಿಮೆಯೋ ಅಷ್ಟೇ. ಮಹಿಳಾ ಹಾಸ್ಟೆಲುಗಳ ರಾತ್ರಿ ಪಾಳಿಯ ಕಷ್ಟ ಗಂಡಸರ ಸಮಿತಿಗೆ ಹೊಳೆಯುವುದಿಲ್ಲ. ಕಾರ್ಯಕಾರಿ ಸಮಿತಿಯಲ್ಲಿ ಮಹಿಳಾ ಗಾರ್ಡುಗಳಿಗೆ ಸ್ಥಾನ ಮೀಸಲಿಡುವುದು ಅಲಂಕಾರಕ್ಕಲ್ಲ, ಅಗತ್ಯಕ್ಕೆ.

ಆಚಾರ ಸಂಹಿತೆ: ಏನು ಮಾಡಕೂಡದು

ಯೂನಿಯನ್ ಬೈಲಾಕ್ಕೆ ಇದನ್ನು ಕಾನೂನು ಕೇಳುವುದಿಲ್ಲ. ಆದರೂ ಈ ವೃತ್ತಿಗೆ ಗೌರವ ಬರುವುದು ಈ ಅಧ್ಯಾಯದಿಂದಲೇ.

ಬಂಧನದ ಮಾತು ಮೊದಲು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮಿನಂತೆ, ಕಣ್ಣೆದುರೇ ಜಾಮೀನುರಹಿತ ಸಂಜ್ಞೇಯ ಅಪರಾಧ ಮಾಡಿದವನನ್ನು ಯಾವ ನಾಗರಿಕನಾದರೂ ಹಿಡಿಯಬಹುದು. ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಗಾರ್ಡಿಗೆ ಇರುವುದೂ ಇಷ್ಟೇ. ವಿದ್ಯಾರ್ಥಿಯನ್ನು ಕಾವಲುಕೋಣೆಯಲ್ಲಿ ಕೂಡಿಹಾಕಿ ತಪ್ಪೊಪ್ಪಿಗೆ ಬರೆಸಿಕೊಳ್ಳುವುದು, ಅನುಮಾನದ ಮೇಲೆ ಮೊಬೈಲ್ ಕಸಿದು ನೋಡುವುದು ಇದರೊಳಗೆ ಬರುವುದಿಲ್ಲ.

ಸಮವಸ್ತ್ರದ ಬಗ್ಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ ಖಡಾಖಂಡಿತವಾಗಿದೆ. ಸೇನೆ ಅಥವಾ ಪೊಲೀಸರ ಸಮವಸ್ತ್ರವನ್ನೋ ಅದನ್ನು ಹೋಲುವ ಉಡುಪನ್ನೋ ಗಾರ್ಡ್ ತೊಟ್ಟರೆ ಅವರಿಗೂ ಏಜೆನ್ಸಿಯ ಮಾಲೀಕರಿಗೂ ಒಂದು ವರ್ಷದವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಗಾರ್ಡಿನ ವಯಸ್ಸು 18ರಿಂದ 65ರೊಳಗೆ ಇರಬೇಕು, ಪೂರ್ವಾಪರ ಪರಿಶೀಲನೆಯಾಗಿರಬೇಕು. ಕೇಂದ್ರದ ಮಾದರಿ ನಿಯಮಗಳು 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ ಹೇಳುತ್ತವೆ. ಈ 160 ಗಂಟೆ ತರಬೇತಿ ಕೊಡದೆ ಗೇಟಿಗೆ ನಿಲ್ಲಿಸಿದ ಸದಸ್ಯರ ಪಟ್ಟಿ ಮಾಡಿ ಏಜೆನ್ಸಿಯ ಮುಂದಿಡುವುದನ್ನು ಬೈಲಾದ ಉದ್ದೇಶಗಳಲ್ಲೇ ಸೇರಿಸಬಹುದು.

ಮಂಗಳೂರಿಗೇ ಸಂಬಂಧಿಸಿದ ಇನ್ನೊಂದು ಕಲಂ ಬೇಕು. 2009ರ ಜನವರಿಯಲ್ಲಿ ಪಬ್ಬಿನಲ್ಲಿ, 2012ರ ಜುಲೈಯಲ್ಲಿ ಪಡೀಲಿನ ಹೋಂ ಸ್ಟೇಯಲ್ಲಿ ಯುವಜನರ ಮೇಲೆ ನಡೆದ ದಾಳಿಗಳನ್ನು ಈ ಊರು ಮರೆಯಲಾಗದು. ನೈತಿಕ ಪೊಲೀಸ್‌ಗಿರಿ ನಡೆಸುವವರಿಗೆ ಮೊದಲು ಬೇಕಾಗುವುದು ಮಾಹಿತಿ: ಯಾರು ಯಾರ ಜೊತೆ ಹೋದರು, ಯಾವ ಗಾಡಿಯಲ್ಲಿ, ಎಷ್ಟು ಹೊತ್ತಿಗೆ. ಅದು ಸಿಗುವ ಜಾಗ ಗೇಟಿನ ರಿಜಿಸ್ಟರ್. ಆ ಮಳೆಯ ರಾತ್ರಿ ನಾನೂ ಹೆಸರು, ಮೊಬೈಲ್ ನಂಬರು ಬರೆದೆ. ಅದೇ ಪುಟದಲ್ಲಿ ನನಗಿಂತ ಮೊದಲು ಬಂದವರೆಲ್ಲರ ನಂಬರುಗಳೂ ತೆರೆದೇ ಇದ್ದವು. ರಿಜಿಸ್ಟರಿನಲ್ಲಿರುವುದನ್ನಾಗಲಿ, ಕ್ಯಾಮೆರಾದಲ್ಲಿ ಕಂಡದ್ದನ್ನಾಗಲಿ ಸಂಸ್ಥೆಯ ಅಧಿಕಾರಿಗೋ ಪೊಲೀಸರಿಗೋ ಹೊರತು ಯಾರಿಗೂ ಹೇಳುವಂತಿಲ್ಲ, ಹೇಳಿದರೆ ಸದಸ್ಯತ್ವ ರದ್ದು ಎಂದು ಬರೆದಿಡಬೇಕು. ಮಗಳನ್ನು ಹಾಸ್ಟೆಲಿಗೆ ಬಿಟ್ಟು ಹೋಗುವ ತಂದೆತಾಯಿ ನಂಬಿರುವುದು ಈ ಗೇಟನ್ನೇ. ಸಾರ್ವಜನಿಕ ಸುರಕ್ಷತೆಯ ಬಗ್ಗೆ 2017ರಲ್ಲಿ ಬಂದ ಕರ್ನಾಟಕದ ಕಾಯ್ದೆ ಕ್ಯಾಮೆರಾ ದೃಶ್ಯಗಳನ್ನು 30 ದಿನ ಕಾಪಿಡಬೇಕೆನ್ನುತ್ತದೆ. ಅವುಗಳ ತುಣುಕು ವಾಟ್ಸ್‌ಆ್ಯಪಿನಲ್ಲಿ ಹರಿದಾಡಿದರೆ ಯಾರ ಕೈಯಿಂದ ಹೋಯಿತೆಂಬ ವಿಚಾರಣೆಗೆ ಸಂಘವೂ ಸಹಕರಿಸಬೇಕು.

ಮಹಾಸಭೆ ಯಾವ ಹೊತ್ತಿಗೆ?

ಬೇರೆ ಸಂಘದವರು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸಭೆ ಕರೆಯುತ್ತಾರೆ. ಗಾರ್ಡುಗಳಿಗೆ ಭಾನುವಾರವೂ ಡ್ಯೂಟಿ. ಎಂಟರಿಂದ ಎಂಟರ ಪಾಳಿ ಇರುವಲ್ಲಿ ಸದಸ್ಯರಲ್ಲಿ ಅರ್ಧದಷ್ಟು ಮಂದಿ ಗೇಟಿನಲ್ಲಿ, ಉಳಿದವರು ನಿದ್ದೆಯಲ್ಲಿ. ಕೋರಂ ಎಂದು ಅರ್ಧದಷ್ಟು ಸಂಖ್ಯೆ ಬರೆದಿಟ್ಟರೆ ಸಭೆ ನಡೆಯುವುದೇ ಇಲ್ಲ. ಕೋರಂ ಐದನೇ ಒಂದು ಭಾಗಕ್ಕೆ ಇಳಿಸಿ, ಒಂದೇ ವಿಷಯಪಟ್ಟಿಯ ಮೇಲೆ ಹಗಲು ಪಾಳಿಗೊಂದು, ರಾತ್ರಿ ಪಾಳಿಗೊಂದು ಬೈಠಕ್ ನಡೆಸಿ, ಎರಡರ ಮತಗಳನ್ನೂ ಕೂಡಿಸಿ ನಿರ್ಣಯ ಬರೆಯುವುದು ಸರಿಯಾದ ದಾರಿ. ನೋಟಿಸನ್ನೂ ನಡಾವಳಿಯನ್ನೂ ಕನ್ನಡದಲ್ಲಿಡಬೇಕು. ಚರ್ಚೆ ತುಳುವಿನಲ್ಲೋ ಬ್ಯಾರಿಯಲ್ಲೋ ಹಿಂದಿಯಲ್ಲೋ ನಡೆದರೆ ತಪ್ಪಿಲ್ಲ.

ನಿವೃತ್ತ ಸೈನಿಕರೋ ನಿವೃತ್ತ ಪೊಲೀಸರೋ ಇದ್ದರೆ ಅವರನ್ನೇ ಅಧ್ಯಕ್ಷರನ್ನಾಗಿಸುವ ರೂಢಿ ಒಳ್ಳೆಯದೇ. ಆದರೆ ಸತತ ಎರಡು ಅವಧಿಗೆ ಮಿತಿಯಿರಲಿ.

ಹಣ, ಶಿಸ್ತು, ವಿಸರ್ಜನೆ

ಚಂದಾ ಎಷ್ಟು, ಸಾಮಾನ್ಯ ನಿಧಿಯನ್ನು ಯಾವುದಕ್ಕೆ ಖರ್ಚು ಮಾಡಬಹುದು, ಹಣ ಎಲ್ಲಿಡಬೇಕು, ಆಡಿಟ್ ಹೇಗೆ, ಸದಸ್ಯರ ಪಟ್ಟಿಯನ್ನು ಯಾರು ನೋಡಬಹುದು, ನಿಯಮ ತಿದ್ದುವುದು ಹೇಗೆ ಎಂಬುದು ಯೂನಿಯನ್ ನಿಯಮಾವಳಿಯಲ್ಲಿ ಇರಲೇಬೇಕು, ಇಲ್ಲದಿದ್ದರೆ ನೋಂದಣಿಯೇ ಆಗದು. ಬ್ಯಾಂಕ್ ಖಾತೆಗೆ ಇಬ್ಬರ ಜಂಟಿ ಸಹಿ, ಪ್ರತಿ ರೂಪಾಯಿಗೂ ರಶೀದಿ. ರಾಜಕೀಯ ಉದ್ದೇಶಕ್ಕೆ ಹಣ ಬೇಕಾದರೆ ಬೇರೆಯದೇ ನಿಧಿ, ಅದಕ್ಕೆ ಕೊಡುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ. ಸಣ್ಣದೊಂದು ಕ್ಷೇಮನಿಧಿ ಇದ್ದರೆ ಇ.ಎಸ್.ಐ. ಕಾರ್ಡ್ ಕೈಗೆ ಬರುವ ಮೊದಲೇ ಕಾಯಿಲೆ ಬಿದ್ದವರಿಗೆ ಆಸರೆಯಾದೀತು.

ಸದಸ್ಯರ ಮೇಲೆ ದೂರು ಬಂದರೆ ಲಿಖಿತ ನೋಟಿಸ್, ಉತ್ತರಕ್ಕೆ 15 ದಿನ, ಮೂವರ ವಿಚಾರಣಾ ಸಮಿತಿ, ಮಹಾಸಭೆಗೆ ಮೇಲ್ಮನವಿ ಇಷ್ಟು ಸಾಕು. ಮಾತೇ ಕೇಳದೆ ಕೆಲಸದಿಂದ ತೆಗೆಯಿಸಿಕೊಂಡ ಅನುಭವ ಇರುವವರ ಸಂಘ, ತನ್ನವರ ಮಾತನ್ನಾದರೂ ಪೂರ್ತಿ ಕೇಳಬೇಕು.

ವಿಸರ್ಜನೆಯ ಕಲಮನ್ನು ಹೆಚ್ಚಿನವರು ನಕಲು ಮಾಡಿ ಮುಗಿಸುತ್ತಾರೆ. ಸೊಸೈಟಿ ಮುಚ್ಚಿದರೆ ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅಂಥದೇ ಇನ್ನೊಂದು ಸಂಘಕ್ಕೆ ಹೋಗಬೇಕು. ಯೂನಿಯನ್ನಿನಲ್ಲಿ ಹಾಗಲ್ಲ: ನಿಯಮಾವಳಿ ಏನೂ ಹೇಳದಿದ್ದರೆ ರಿಜಿಸ್ಟ್ರಾರರೇ ಸದಸ್ಯರಿಗೆ ಹಂಚುತ್ತಾರೆ. ವಿಸರ್ಜನೆಯ ನೋಟಿಸಿಗೆ ಏಳು ಸದಸ್ಯರೂ ಕಾರ್ಯದರ್ಶಿಯೂ ಸಹಿ ಹಾಕಿ 14 ದಿನದೊಳಗೆ ರಿಜಿಸ್ಟ್ರಾರರಿಗೆ ಕಳಿಸಬೇಕು.