ಮಕ್ಕಳ ಹಾಡ್ಜ್‌ಕಿನ್ ಲಿಂಫೋಮಾ

ಮಕ್ಕಳ ಹಾಡ್ಜ್‌ಕಿನ್ ಲಿಂಫೋಮಾ ಎಂಬುದು ಬಾಲ್ಯ ಮತ್ತು ಹದಿಹರೆಯದಲ್ಲಿ ದುಗ್ಧರಸ ವ್ಯವಸ್ಥೆಯನ್ನು ಬಾಧಿಸುವ ಒಂದು ಬಗೆಯ ಕ್ಯಾನ್ಸರ್. ಬಾಲ್ಯದ ಕ್ಯಾನ್ಸರ್‌ಗಳ ಪೈಕಿ ಚಿಕಿತ್ಸೆಗೆ ಅತ್ಯುತ್ತಮವಾಗಿ ಸ್ಪಂದಿಸುವ ರೋಗಗಳಲ್ಲಿ ಇದೂ ಒಂದು.

ಇತಿಹಾಸ

ಲಂಡನ್ನಿನ ವೈದ್ಯ ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ಈ ರೋಗವನ್ನು ವಿವರಿಸಿದನು. 1865ರಲ್ಲಿ ಸ್ಯಾಮ್ಯುಯೆಲ್ ವಿಲ್ಕ್ಸ್ ಇದಕ್ಕೆ ಆತನ ಹೆಸರನ್ನಿಟ್ಟನು. ರೋಗವನ್ನು ಗುರುತಿಸಲು ನೆರವಾಗುವ ದೈತ್ಯ ಕೋಶಗಳನ್ನು ಕಾರ್ಲ್ ಸ್ಟರ್ನ್‌ಬರ್ಗ್ 1898ರಲ್ಲಿಯೂ ಡೊರೊಥಿ ರೀಡ್ 1902ರಲ್ಲಿಯೂ ವರ್ಣಿಸಿದರು. ಆದ್ದರಿಂದ ಅವುಗಳಿಗೆ ರೀಡ್-ಸ್ಟರ್ನ್‌ಬರ್ಗ್ ಕೋಶಗಳೆಂದು ಹೆಸರು.

ರೋಗಿಗಳ ಸ್ವರೂಪ

ಐದು ವರ್ಷದೊಳಗಿನ ಮಕ್ಕಳಲ್ಲಿ ಈ ರೋಗ ವಿರಳ. ಸಿರಿವಂತ ದೇಶಗಳಲ್ಲಿ ಇದು ಹೆಚ್ಚಾಗಿ ಹದಿಹರೆಯದವರಲ್ಲಿ ಕಂಡುಬಂದರೆ, ಭಾರತದಂತಹ ದೇಶಗಳಲ್ಲಿ ಚಿಕ್ಕ ಮಕ್ಕಳಲ್ಲಿಯೂ ಗಣನೀಯವಾಗಿದೆ. ಚಿಕ್ಕ ವಯಸ್ಸಿನವರಲ್ಲಿ ಗಂಡುಮಕ್ಕಳ ಸಂಖ್ಯೆ ಅಧಿಕ. ಹದಿಹರೆಯದಲ್ಲಿ ಈ ಅಂತರ ಕುಗ್ಗುತ್ತದೆ. ಚಿಕ್ಕ ಮಕ್ಕಳ ಗಡ್ಡೆಗಳಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ಸಿನ ಕುರುಹು ಹೆಚ್ಚಾಗಿ ದೊರೆಯುತ್ತದೆ.

ಲಕ್ಷಣಗಳು ಮತ್ತು ರೋಗನಿರ್ಣಯ

ಕುತ್ತಿಗೆಯಲ್ಲಿ ನೋವಿಲ್ಲದೆ ಊದಿಕೊಳ್ಳುವ ದುಗ್ಧಗ್ರಂಥಿಯು ಸಾಮಾನ್ಯ ಲಕ್ಷಣ. ಕಾರಣವಿಲ್ಲದ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರುವಿಕೆ, ಆರು ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚು ತೂಕ ಇಳಿಕೆ ಇವುಗಳನ್ನು 'ಬಿ' ಲಕ್ಷಣಗಳೆನ್ನುತ್ತಾರೆ. ಕ್ಷಯರೋಗದಲ್ಲಿಯೂ ಇಂತಹವೇ ಲಕ್ಷಣಗಳಿರುವುದರಿಂದ, ಭಾರತದಲ್ಲಿ ಕೆಲವು ಮಕ್ಕಳಿಗೆ ಅಂಗಾಂಶ ಪರೀಕ್ಷೆಯಿಲ್ಲದೆಯೇ ಕ್ಷಯದ ಔಷಧ ನೀಡಲಾಗುತ್ತದೆ. ಇದರಿಂದ ರೋಗನಿರ್ಣಯ ತಡವಾಗುತ್ತದೆ. ಗ್ರಂಥಿಯ ಬಯಾಪ್ಸಿಯಿಂದ ಮಾತ್ರ ರೋಗ ಖಚಿತವಾಗುತ್ತದೆ. ರೋಗದ ಹರಡುವಿಕೆಯನ್ನು ಆನ್ ಆರ್ಬರ್ ಪದ್ಧತಿಯಂತೆ ನಾಲ್ಕು ಹಂತಗಳಾಗಿ ವಿಂಗಡಿಸಲಾಗುತ್ತದೆ.

ಚಿಕಿತ್ಸೆ

ಹಲವು ಔಷಧಗಳನ್ನು ಒಟ್ಟುಗೂಡಿಸಿದ ಕಿಮೋಥೆರಪಿಯೇ ಚಿಕಿತ್ಸೆಯ ಆಧಾರ. ಡಾಕ್ಸೊರುಬಿಸಿನ್, ಬ್ಲಿಯೊಮೈಸಿನ್, ವಿನ್‌ಬ್ಲಾಸ್ಟಿನ್ ಮತ್ತು ಡಕಾರ್ಬಜೀನ್ ಸೇರಿದ ಎಬಿವಿಡಿ ಕ್ರಮವನ್ನು 1970ರ ದಶಕದಲ್ಲಿ ಇಟಲಿಯ ಜಿಯಾನಿ ಬೊನಡೋನ ರೂಪಿಸಿದರು. ಆರಂಭದ ಕೆಲವು ಆವರ್ತಗಳ ಬಳಿಕ ಪೆಟ್ ಸ್ಕ್ಯಾನ್ ಮಾಡಿ, ಉತ್ತಮವಾಗಿ ಸ್ಪಂದಿಸಿದ ಹಲವು ಮಕ್ಕಳಿಗೆ ವಿಕಿರಣ ಚಿಕಿತ್ಸೆಯನ್ನು ಕೈಬಿಡಲಾಗುತ್ತದೆ.

ಫಲಿತಾಂಶ

ಸಿರಿವಂತ ದೇಶಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಮಕ್ಕಳು ಐದು ವರ್ಷಗಳ ನಂತರವೂ ಬದುಕಿರುತ್ತಾರೆ. ಹಂತ ನಾಲ್ಕರ ರೋಗ, ದೊಡ್ಡ ಗಡ್ಡೆ ಹಾಗೂ 'ಬಿ' ಲಕ್ಷಣಗಳಿದ್ದಲ್ಲಿ ಹೆಚ್ಚು ತೀವ್ರವಾದ ಚಿಕಿತ್ಸೆ ಬೇಕಾಗುತ್ತದೆ. ಬಡ ದೇಶಗಳಲ್ಲಿ ತಡವಾದ ಪತ್ತೆ, ವೆಚ್ಚ, ದೂರದ ಆಸ್ಪತ್ರೆ ಮತ್ತು ಗಡ್ಡೆ ಕರಗಿದೊಡನೆ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುವುದು ಫಲಿತಾಂಶವನ್ನು ಕುಗ್ಗಿಸುತ್ತವೆ. ಗುಣಮುಖರಾದವರಲ್ಲಿ ಡಾಕ್ಸೊರುಬಿಸಿನ್ ಹೃದಯಕ್ಕೂ ಬ್ಲಿಯೊಮೈಸಿನ್ ಶ್ವಾಸಕೋಶಕ್ಕೂ ಹಾನಿಮಾಡಬಹುದು. ಪ್ರೊಕಾರ್ಬಜೀನ್ ಬಂಜೆತನಕ್ಕೆ ಕಾರಣವಾಗಬಹುದು. ಎದೆಗೆ ವಿಕಿರಣ ಪಡೆದ ಹುಡುಗಿಯರಲ್ಲಿ ಮುಂದೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚು. ಆದ್ದರಿಂದ ಗುಣವಾದ ಬಳಿಕವೂ ದೀರ್ಘಕಾಲದ ತಪಾಸಣೆ ಅಗತ್ಯ.