ವೀರಸೇನ, ಜಿನಸೇನ, ಗುಣಭದ್ರರ ಪ್ರಶಸ್ತಿಗಳಲ್ಲಿ ಪ್ರಜ್ಞೆಯ ಸ್ವರೂಪ

ಬಂಕಾಪುರವು ಇಂದು ಹಾವೇರಿ ಜಿಲ್ಲೆಯಲ್ಲಿದೆ. 1997ರವರೆಗೆ ಅದು, ಮಲೆಯಂಚಿನ ಅಳ್ನಾವರದಂತೆಯೇ, ಧಾರವಾಡ ಜಿಲ್ಲೆಗೆ ಸೇರಿತ್ತು. ಶಕ 820ರಲ್ಲಿ ಇಲ್ಲಿ ಮಹಾಪುರಾಣಕ್ಕೆ ಪೂಜೆ ಸಂದಿತೆಂದು ಉತ್ತರಪುರಾಣದ ಪ್ರಶಸ್ತಿ ತಿಳಿಸುತ್ತದೆ. ಆ ಗ್ರಂಥವನ್ನು ಆರಂಭಿಸಿದವರು ಜಿನಸೇನಾಚಾರ್ಯರು, ಮುಗಿಸಿದವರು ಅವರ ಶಿಷ್ಯ ಗುಣಭದ್ರಾಚಾರ್ಯರು. ಜಿನಸೇನರ ಗುರುಗಳು ಧವಲಾಟೀಕೆಯ ಕರ್ತೃಗಳಾದ ವೀರಸೇನಾಚಾರ್ಯರು. ಈ ಮೂವರ ಪ್ರಶಸ್ತಿಶ್ಲೋಕಗಳನ್ನು ಒಟ್ಟಿಗಿಟ್ಟು ಓದಿದರೆ, ಅಸಾಧಾರಣ ಬುದ್ಧಿಯನ್ನು ಪೂರ್ವಿಕರು ಹೇಗೆ ಗುರುತಿಸುತ್ತಿದ್ದರೆಂಬುದು ವಿಶದವಾಗುತ್ತದೆ. ಪ್ರಶಸ್ತಿಯಿಂದ ಶಕವರ್ಷವನ್ನು ಮಾತ್ರ ಆರಿಸಿಕೊಂಡು ಉಳಿದುದನ್ನು ಅತಿಶಯೋಕ್ತಿಯೆಂದು ಕೈಬಿಡುವ ರೂಢಿ ಉಚಿತವಲ್ಲ.

ಲೋಕದಲ್ಲಿ ಪ್ರತಿಭೆಯನ್ನು ದೈವದತ್ತವೆನ್ನುವರು. ಆಗಮಕ್ಕೆ ಇದು ಸಮ್ಮತವಲ್ಲ. ಜ್ಞಾನವು ಜೀವದ ಸ್ವಭಾವ. ಜ್ಞಾನಾವರಣೀಯ ಕರ್ಮದ ಕ್ಷಯೋಪಶಮವು ಎಷ್ಟೋ ಅಷ್ಟು ಬುದ್ಧಿಯ ಪ್ರಕಾಶ. ತಿಲೋಯಪಣ್ಣತ್ತಿಯು ಪ್ರಜ್ಞಾಶ್ರಮಣರ ಪ್ರಜ್ಞೆಯನ್ನು ಔತ್ಪತ್ತಿಕೀ, ಪಾರಿಣಾಮಿಕೀ, ವೈನಯಿಕೀ, ಕರ್ಮಜಾ ಎಂದು ನಾಲ್ಕು ಬಗೆಯಾಗಿ ಹೇಳುತ್ತದೆ. ಇವುಗಳಲ್ಲಿ ಔತ್ಪತ್ತಿಕಿಯೇ ಲೋಕವು ಪ್ರತಿಭೆಯೆಂದು ಬೆರಗಾಗುವಂಥದು. ಪೂರ್ವಭವದಲ್ಲಿ ವಿನಯದಿಂದ ಅಧ್ಯಯನ ಮಾಡಿದ ಶ್ರುತವು ಈ ಭವದಲ್ಲಿ ತಾನಾಗಿ ಉದಿಸುವುದೇ ಅದರ ಲಕ್ಷಣ. ಕಲಿಯದೆ ಬಂದಂತೆ ತೋರುವ ವಿದ್ಯೆಗೂ ಹಿಂದೊಂದು ಕಲಿಕೆ ಇದೆಯೆಂದಾಯಿತು.

ವೇದನಾಖಂಡದ ಆದಿಯ ಮಂಗಲಸೂತ್ರಗಳಲ್ಲಿ ಪ್ರಜ್ಞಾಶ್ರಮಣರಿಗೆ ನಮಸ್ಕಾರವಿದೆ. ಆ ಸೂತ್ರಕ್ಕೆ ಟೀಕೆ ಬರೆದ ವೀರಸೇನರನ್ನೇ ಪ್ರಾಜ್ಞರು ಪ್ರಜ್ಞಾಶ್ರಮಣರಲ್ಲಿ ಶ್ರೇಷ್ಠರೆಂದು ಕರೆದರೆಂದು ಜಯಧವಲೆಯ ಪ್ರಶಸ್ತಿ ಹೇಳುತ್ತದೆ. ಅಷ್ಟೇ ಅಲ್ಲ, ಸಕಲಾರ್ಥಗಳಲ್ಲಿ ಸಂಚರಿಸುವ ಅವರ ನೈಸರ್ಗಿಕ ಪ್ರಜ್ಞೆಯನ್ನು ಕಂಡು, ಸರ್ವಜ್ಞನು ಉಂಟೆಂಬ ವಿಷಯದಲ್ಲಿ ಮನೀಷಿಗಳಿಗೆ ಶಂಕೆ ಉಳಿಯಲಿಲ್ಲವಂತೆ. ಇದನ್ನು ಬರಿಯ ಸ್ತುತಿಯೆನ್ನಲಾಗದು, ಇದರೊಳಗೊಂದು ಅನುಮಾನಪ್ರಮಾಣವಿದೆ. ದೋಷಾವರಣಗಳ ಹಾನಿಯಲ್ಲಿ ತಾರತಮ್ಯವಿರುವುದರಿಂದ ಎಲ್ಲಿಯೋ ಅದು ನಿಶ್ಶೇಷವಾಗಿರಲೇಬೇಕೆಂದು ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಸಾಧಿಸಿದ್ದರು. ಮೀಮಾಂಸಕರು ಒಪ್ಪದ ಆ ವಾದಕ್ಕೆ ವೀರಸೇನರು ಕಣ್ಣೆದುರಿನ ದೃಷ್ಟಾಂತವಾದರು. ಮಹಾಬುದ್ಧಿಯನ್ನು ಕಂಡವರು ವ್ಯಕ್ತಿಯಲ್ಲಿಯೇ ನಿಲ್ಲದೆ ಜೀವದ ಶಕ್ತಿಯನ್ನು ಊಹಿಸಿದರು.

ಜಿನಸೇನರ ವಿಷಯವೇ ಬೇರೆ. ಶಕ 759ರಲ್ಲಿ ಮುಗಿದ ಅದೇ ಜಯಧವಲೆಯ ಪ್ರಶಸ್ತಿಯಂತೆ ಅವರು ಕಿವಿ ಚುಚ್ಚಿಸುವ ವಯಸ್ಸಿಗೆ ಮುನ್ನವೇ ಗುರುವನ್ನು ಸೇರಿದವರು. ಆಕಾರದಲ್ಲಿ ಅತಿಸುಂದರರಲ್ಲ, ಅತಿಚತುರರೂ ಅಲ್ಲ. ಆದರೂ ಸರಸ್ವತಿ ಬೇರೆ ಆಶ್ರಯವಿಲ್ಲದವಳಂತೆ ಅವರನ್ನು ಸೇವಿಸಿದಳು. ಪ್ರಶಸ್ತಿಯ ಸಂಪ್ರದಾಯದಲ್ಲಿ ಇಂಥ ನುಡಿ ವಿರಳ. ಹೊಗಳಿಕೆಯೇ ಉದ್ದೇಶವಾಗಿದ್ದರೆ ಚಾತುರ್ಯದ ಕೊರತೆಯನ್ನು ಹೇಳಬೇಕಾಗಿರಲಿಲ್ಲ. ಧೀ, ಶಮ, ವಿನಯಗಳೇ ಅವರ ಸಹಜಗುಣಗಳೆಂದು ಎಣಿಸಿರುವುದೂ ಗಮನಾರ್ಹ. ನೋಡಿದವರಿಗೆ ಮೇಲ್ನೋಟಕ್ಕೆ ತೋರದ ಈ ಪ್ರಜ್ಞೆ ಕೃತಿಯಲ್ಲಿ ತೋರಿತು. ಗುರುಗಳು 20,000 ಗ್ರಂಥಪ್ರಮಾಣಕ್ಕೆ ನಿಲ್ಲಿಸಿದ ಟೀಕೆಗೆ ಅವರು 40,000 ಸೇರಿಸಿದರು; ಮೇಘದೂತದ ಪಾದಗಳನ್ನೆಲ್ಲ ಒಳಗೊಂಡ ಪಾರ್ಶ್ವಾಭ್ಯುದಯವನ್ನು ರಚಿಸಿದರು.

ಆದಿಪುರಾಣದ 42 ಪರ್ವಗಳೂ 43ನೆಯದರ 3 ಶ್ಲೋಕಗಳೂ ಆದಾಗ ಜಿನಸೇನರ ಲೇಖನಿ ನಿಂತಿತು. ಗುಣಭದ್ರರು 1,620 ಶ್ಲೋಕಗಳಿಂದ ಅದನ್ನು ಪೂರ್ಣಗೊಳಿಸಿ ಉತ್ತರಪುರಾಣಕ್ಕೆ ಕೈಹಾಕಿದರು. ಕಬ್ಬಿನ ಮೊದಲರ್ಧವೇ ರಸಭರಿತ, ಮುಂದಿನದು ಹೇಗಾದರೂ ಆಗಲಿ ಎಂದು ಅವರ ಸಂಕೋಚ. ತಮ್ಮ ಮಾತಿನಲ್ಲಿ ಸವಿಯಿದ್ದರೆ ಅದು ಗುರುಗಳ ಮಹಿಮೆ. ಹಣ್ಣು ಸಿಹಿಯಾಗುವುದು ಮರದ ಸ್ವಭಾವವಲ್ಲವೇ ಎನ್ನುತ್ತಾರೆ. ತಾಯಿಯ ಕಡೆಯಿಂದ ಅಣ್ಣಿಗೇರಿಗೆ ಸಂಬಂಧಪಟ್ಟ ಪಂಪನು 941ರಲ್ಲಿ ಇದೇ ಪೂರ್ವಪುರಾಣವನ್ನು ಆಧರಿಸಿ ಕನ್ನಡದಲ್ಲಿ ಕಾವ್ಯ ರಚಿಸಿದಾಗ, ಕೆಲವೇ ತಿಂಗಳುಗಳಲ್ಲಿ ಮುಗಿಸಿದುದನ್ನು ಹೆಮ್ಮೆಯಿಂದ ಹೇಳಿಕೊಂಡನು. ಅದು ಕವಿಯ ಮಾರ್ಗ, ರಾಜಸಭೆ ಮೆಚ್ಚುವ ಕುರುಹು. ಗುಣಭದ್ರರದು ವೈನಯಿಕೀ ಪ್ರಜ್ಞೆಯ ಮಾರ್ಗವೆನ್ನಬಹುದು.

ಬಂಕಾಪುರದಲ್ಲಿ ಪೂಜೆ ನಡೆದಾಗ ಲೋಕಾದಿತ್ಯನು ವನವಾಸ ದೇಶವನ್ನಾಳುತ್ತಿದ್ದನು. ಅದನ್ನು ದಾಖಲಿಸುವ ಪ್ರಶಸ್ತಿಭಾಗವು ಗುಣಭದ್ರರ ಶಿಷ್ಯ ಲೋಕಸೇನರ ಹೆಸರನ್ನು ಹೊತ್ತಿದೆ. ಅಲ್ಲಿ ಭವ್ಯರು ಪೂಜಿಸಿದುದು ಗುರುವಿನ ಭಾಗ, ಶಿಷ್ಯನ ಭಾಗ ಎಂಬ ಭೇದವಿಲ್ಲದ ಒಂದೇ ಪುರಾಣವನ್ನು.